ಹಳೆಯ ಮಾನಿಟರ್‌ನಿಂದ ಸ್ಮಾರ್ಟ್ ಕನ್ನಡಿ: ಮರದ ಚೌಕಟ್ಟು ಮೊದಲೋ ಕೊನೆಗೋ?

ಮನೆಯಲ್ಲಿ ಸುಮ್ಮನೆ ಬಿದ್ದಿರುವ ಮಾನಿಟರ್ ಬಳಸಿ ಸ್ಮಾರ್ಟ್ ಕನ್ನಡಿ (ಮುಖದ ಜೊತೆಗೆ ಗಡಿಯಾರ, ಹವಾಮಾನದಂಥ ಮಾಹಿತಿಯನ್ನೂ ತೋರಿಸುವ ಕನ್ನಡಿ) ಮಾಡಬೇಕು, ಚೌಕಟ್ಟಿನ ಕೆಲಸ ಈಗಲೇ ಶುರುಮಾಡಲೇ ಎಂದು ಕೇಳಿದ್ದೀರಿ. ಬೇಡ, ಮರಕ್ಕೆ ಕೊನೆಗೆ ಕೈಹಾಕಿ. ನನ್ನ ಕನ್ನಡಿಯನ್ನು ಮಾಡಿದ್ದೂ ಇದೇ ಕ್ರಮದಲ್ಲಿ.

ಮಾನಿಟರ್ 24 ಇಂಚು ಅಂದರೆ ಅದು ಪರದೆಯ ಮೂಲೆಯಿಂದ ಮೂಲೆಗೆ ಇರುವ ಅಳತೆ. ಚೌಕಟ್ಟಿಗೆ ಬೇಕಾದದ್ದು ಬೇರೆ: ಪ್ಲಾಸ್ಟಿಕ್ ಅಂಚು ಬಿಚ್ಚಿದ ಮೇಲೆ ಉಳಿಯುವ ಪ್ಯಾನೆಲ್‌ನ ಉದ್ದ, ಅಗಲ, ದಪ್ಪ. ಜೊತೆಗೆ ವೈರುಗಳು ಯಾವ ಕಡೆಯಿಂದ ಹೊರಬರುತ್ತವೆ ಅನ್ನುವುದು. ಮಾನಿಟರ್‌ಗೆ ಚಿತ್ರ ತರುವ ಎಚ್‌ಡಿಎಂಐ ವೈರಿನ ಪಿನ್ ನೇರವಾಗಿ ಹಿಂದಕ್ಕೆ ಚಾಚಿದ್ದರೆ ಚೌಕಟ್ಟಿನ ಆಳ ಸುಮ್ಮನೆ ಹೆಚ್ಚುತ್ತದೆ. ಎಲ್ ಆಕಾರದ ಕನೆಕ್ಟರ್ ಹಾಕಿದರೆ ಅದರಲ್ಲಿ ಬಹುಪಾಲು ಜಾಗ ಉಳಿಯುತ್ತದೆ. ಒಂದು ಎಚ್ಚರಿಕೆ: ಕರೆಂಟ್ ನೇರವಾಗಿ ಒಳಗೇ ಹೋಗುವ ಮಾನಿಟರ್‌ಗಳಲ್ಲಿ, ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ಗಳು ವಿದ್ಯುತ್ ಹಿಡಿದುಕೊಂಡಿರುತ್ತವೆ. ಒಳಗಿನ ಲೋಹದ ಮುಚ್ಚಳವನ್ನು ದಯವಿಟ್ಟು ತೆಗೆಯಬೇಡಿ. ಹೊರಗೆ ಅಡಾಪ್ಟರ್ ಇರುವ ಮಾನಿಟರ್ ಸಿಕ್ಕರೆ ಅದೇ ಒಳ್ಳೆಯದು.

ಇಡೀ ಕೆಲಸದ ಜೀವ ಇರುವುದು ಗಾಜಿನಲ್ಲಿ. ಬೇಕಾದದ್ದು ಟೂ-ವೇ ಗಾಜು, ಅಂದರೆ ಬೆಳಕಿನ ಒಂದು ಪಾಲನ್ನು ಹಿಂದಕ್ಕೆ ತಿರುಗಿಸಿ ಇನ್ನೊಂದು ಪಾಲನ್ನು ಒಳಗಿನಿಂದ ಹೊರಬಿಡುವಂಥದ್ದು. ಪರದೆ ಕಪ್ಪಗಿರುವಲ್ಲಿ ಕನ್ನಡಿ, ಬಿಳಿ ಅಕ್ಷರ ಇರುವಲ್ಲಿ ಅಕ್ಷರ. ಅಕ್ರಿಲಿಕ್ ಹಗುರ, ಕತ್ತರಿಸುವುದೂ ಸುಲಭ, ಆದರೆ ದೊಡ್ಡ ಹಾಳೆ ಸ್ವಲ್ಪ ಬಾಗಿದರೂ ಮುಖ ಸೊಟ್ಟಗೆ ಕಾಣುತ್ತದೆ. ಮುಖ ನೋಡಿಕೊಳ್ಳುವ ಅಳತೆಯದಾದರೆ ನನ್ನ ಆಯ್ಕೆ ಗಾಜೇ. ಕೊಳ್ಳುವ ಮುಂಚೆ ಒಂದು ಸಣ್ಣ ತುಂಡು ಕೇಳಿ ಪಡೆಯಿರಿ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರವಿರುವ ಚಿತ್ರವನ್ನು ಫೋನಿನಲ್ಲಿ ತೆರೆದು, ಆ ತುಂಡಿನ ಹಿಂದೆ ಹಿಡಿದು ನೋಡಿ. ಕನ್ನಡಿ ತೂಗುವ ಜಾಗದಲ್ಲೇ, ಹಗಲಲ್ಲೂ ರಾತ್ರಿಯಲ್ಲೂ ನೋಡಬೇಕು. ಎಲ್‌ಸಿಡಿಯ ಕಪ್ಪು ಪೂರ್ತಿ ಕಪ್ಪಲ್ಲ. ಹಿಂಬದಿಯ ಬೆಳಕು ಸೋರಿ, ಕತ್ತಲ ಕೋಣೆಯಲ್ಲಿ ಪರದೆಯ ಆಯತ ಬೂದು ಬಣ್ಣದಲ್ಲಿ ಎದ್ದು ಕಾಣುತ್ತದೆ. ಬ್ರೈಟ್‌ನೆಸ್ ಇಳಿಸಿದರೆ ಬಹುಪಾಲು ಅಡಗುತ್ತದೆ. ಗಾಜು ಪರದೆಗಿಂತ ದೊಡ್ಡದಿದ್ದರೆ ಉಳಿದ ಜಾಗಕ್ಕೆ ಹಿಂದಿನಿಂದ ದಪ್ಪ ಕಪ್ಪು ಕಾಗದ ಹಚ್ಚಿ.

ಈಗ ಮರ. ಚೆನ್ನಾಗಿ ಒಣಗಿದ್ದೇ ಬೇಕು, ಹಸಿ ಮರ ಒಣಗುತ್ತಾ ಕುಗ್ಗಿ ಮೂಲೆಗಳು ಬಾಯಿಬಿಡುತ್ತವೆ. ನಾಲ್ಕು ಮೂಲೆಗೆ 45 ಡಿಗ್ರಿಯ ಎಂಟು ಕಡಿತ. ಒಂದೊಂದರಲ್ಲೂ ಅರ್ಧ ಡಿಗ್ರಿ ಒಂದೇ ಕಡೆಗೆ ತಪ್ಪಿದರೆ ಕೊನೆಯ ಮೂಲೆಯಲ್ಲಿ ನಾಲ್ಕು ಡಿಗ್ರಿ ಬಿರುಕು! ಎದುರುಬದುರು ಪಟ್ಟಿಗಳನ್ನು ಒಟ್ಟಿಗೆ ಹಿಡಿದು, ಉದ್ದ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಕತ್ತರಿಸಿ. ಅಂಟು ಹಾಕಿ ಬಿಗಿದ ಕೂಡಲೇ ಎರಡೂ ಕರ್ಣ ಅಳೆಯಿರಿ. ಸಮ ಬಂದರೆ ಮೂಲೆ ನೇರ, ಇಲ್ಲದಿದ್ದರೆ ಅಂಟು ಹಸಿಯಿರುವಾಗಲೇ ಸರಿಪಡಿಸಿಕೊಳ್ಳಬಹುದು. ಗಾಜು ಕೂರಲು ಚೌಕಟ್ಟಿನ ಒಳಅಂಚಿನಲ್ಲಿ ಕೊರೆದ ತೋಡಿನಲ್ಲಿ ಸುತ್ತಲೂ ಒಂದೆರಡು ಮಿಲಿಮೀಟರ್ ಸಡಿಲ ಬಿಡಿ, ಮಳೆಗಾಲದಲ್ಲಿ ಮರ ಉಬ್ಬುತ್ತದೆ. ತೋಡಿನ ಒಳಮೈಗೆ ಕಪ್ಪು ಬಣ್ಣ ಬಳಿಯದಿದ್ದರೆ ಮರದ ಬಣ್ಣ ಗಾಜಿನ ಅಂಚಿನಲ್ಲಿ ಪ್ರತಿಫಲಿಸುತ್ತದೆ.

ಸಾಫ್ಟ್‌ವೇರ್ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಮ್ಯಾಜಿಕ್‌ಮಿರರ್ ಎಂಬ ತಂತ್ರಾಂಶ ಹಾಕಿದರೆ ಗಡಿಯಾರ, ಕ್ಯಾಲೆಂಡರ್, ಹವಾಮಾನ, ಸುದ್ದಿ ಎಲ್ಲವೂ ಅದರಲ್ಲೇ ಬರುತ್ತವೆ. ಉಚಿತ, ಮುಕ್ತ ತಂತ್ರಾಂಶ.

ಶಾಖಕ್ಕೆ ಮಾತ್ರ ದಾರಿ ಬೇಕೇ ಬೇಕು. ಚೌಕಟ್ಟಿನ ಕೆಳಪಟ್ಟಿಯಲ್ಲೂ ಮೇಲ್ಪಟ್ಟಿಯಲ್ಲೂ ಸಾಲಾಗಿ ತೂತು ಕೊರೆದರೆ ಬಿಸಿಗಾಳಿ ತಾನೇ ಮೇಲೇರಿ ಹೋಗುತ್ತದೆ. ಹಿಂಬದಿಯನ್ನು ಅಂಟಿಸದೆ ಸ್ಕ್ರೂ ಹಾಕಿ, ಮುಂದೆ ಎಂದಾದರೂ ಪೈನ ಮೆಮೊರಿ ಕಾರ್ಡ್ ಬದಲಿಸಬೇಕಾದೀತು. ತೂಕವನ್ನೂ ಲೆಕ್ಕ ಹಾಕಿ: 4 ಮಿಲಿಮೀಟರ್ ಗಾಜು ಚದರ ಮೀಟರಿಗೆ ಸುಮಾರು 10 ಕೆಜಿ. ಅದರ ಮೇಲೆ ಪ್ಯಾನೆಲ್, ಮರ. ಒಂದೇ ಮೊಳೆಗೆ ತೂಗುಹಾಕುವ ವಸ್ತುವಲ್ಲ ಇದು, ಗೋಡೆಗೆ ಎರಡು ಕಡೆ ಪ್ಲಗ್ ಹೊಡೆದು ಸ್ಕ್ರೂ ಬಿಗಿಯಿರಿ.