ಅಜ್ಜ ಹಾಕ್ತಿದ್ದ ಬೆಂಕಿ

ಪ್ರಶ್ನೆ: ಮಕ್ಕಳ ಜೊತೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿದ್ದೆವು. ದಾರಿಯುದ್ದಕ್ಕೂ ಲಂಟಾನ ಅನ್ನುವ ಕಳೆಗಿಡದ ಪೊದೆ. ಟೀ ಅಂಗಡಿ ಹತ್ತಿರ ಕೂತಿದ್ದ, ಆ ಬೆಟ್ಟದ ಸೋಲಿಗ ಬುಡಕಟ್ಟಿನ ಅಜ್ಜರೊಬ್ಬರು 'ಬೆಂಕಿ ನಿಲ್ಲಿಸಿದ ಮೇಲೆ ಕಾಡು ಕೆಟ್ಟಿತು' ಅಂದರು. ಬೆಂಕಿ ಹಾಕಿದರೆ ಕಾಡು ಸುಟ್ಟುಹೋಗುತ್ತೆ, ಅಲ್ವಾ? (ಓದುಗರೊಬ್ಬರು, ಮಂಡ್ಯ)

ಉತ್ತರ: ಈ ವಿಷಯದಲ್ಲಿ ನಾನೂ ಒಮ್ಮೆ ಪೆಚ್ಚಾಗಿದ್ದೇನೆ. ಯಳಂದೂರು ಕಡೆ ಮೇಷ್ಟ್ರಾಗಿದ್ದ ಕಾಲ. 'ಕಾಡಿಗೆ ಬೆಂಕಿ ಇಡುವವನು ಕಾಡಿನ ಶತ್ರು' ಎಂದು ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದೆ. ಹಿಂದಿನ ಸಾಲಿನಿಂದ ಪೋಡಿನ (ಸೋಲಿಗರ ಹಾಡಿಯ) ಹುಡುಗನೊಬ್ಬ ಎದ್ದು, 'ನಮ್ಮಜ್ಜ ಹಾಕ್ತಿದ್ದ ಸಾರ್' ಅಂದ. ಹುಡುಗರೆಲ್ಲ ನಕ್ಕರು. ನಾನೂ ನಕ್ಕೆ, ಅದೇ ತಪ್ಪು. ಆ ಭಾನುವಾರ ಅವನಜ್ಜ ನನ್ನನ್ನು ಜಗಲಿ ಮೇಲೆ ಕೂರಿಸಿಕೊಂಡು ಪಾಠ ಮಾಡಿದರು.

ಅವರು ಹೇಳಿದ್ದು ತರಗು ಬೆಂಕಿಯ ವಿಷಯ. ತರಗು ಅಂದರೆ ಒಣಗಿ ಬಿದ್ದ ಎಲೆ. ಜನವರಿ, ಫೆಬ್ರವರಿಯಲ್ಲಿ ಹುಲ್ಲು ಇನ್ನೂ ಪೂರ್ತಿ ಒಣಗಿರುವುದಿಲ್ಲ, ರಾತ್ರಿ ಇಬ್ಬನಿ ಬೀಳುತ್ತಿರುತ್ತದೆ. ಆಗ ಹಾಕಿದ ಬೆಂಕಿ ನೆಲದ ಮೇಲೇ ಹರಿದು ಆರುತ್ತದೆ. ದೊಡ್ಡ ಮರದ ತೊಗಟೆಗೆ ಏನೂ ಆಗುವುದಿಲ್ಲ. ರಕ್ತ ಹೀರುವ ಉಣ್ಣೆ ಹುಳಗಳು ಸಾಯುತ್ತವೆ, ಕಾಲುದಾರಿ ಕಾಣುತ್ತದೆ, ಜಿಂಕೆಗೆ ಚಿಗುರು ಹುಲ್ಲು ಬರುತ್ತದೆ. ಲಂಟಾನದ ಎಳೆ ಸಸಿಗಳೂ ಅದರಲ್ಲೇ ಹೋಗುತ್ತವೆ. ನೆಲ್ಲಿ ಮರ ಹತ್ತಿ ಅದರ ಸಾರ ಹೀರುವ ಬದನಿಕೆ ಇದೆಯಲ್ಲ, ಸೋಲಿಗರು ಅದನ್ನು ಉಪ್ಪಿಲು ಅನ್ನುತ್ತಾರೆ. ಬೆಂಕಿ ನಿಂತ ಮೇಲೆ ಉಪ್ಪಿಲು ಜಾಸ್ತಿಯಾಗಿ ನೆಲ್ಲಿ ಮರಗಳು ಒಣಗುತ್ತಿವೆ ಅನ್ನುವುದು ಅವರ ದೂರು. 'ಏಪ್ರಿಲ್ ಬೆಂಕಿ ನಮ್ಮದಲ್ಲ ಮೇಷ್ಟ್ರೇ, ಅದು ಕಾಡು ತಿನ್ನೋ ಬೆಂಕಿ' ಅಂದರು ಅಜ್ಜ.

1974ರಲ್ಲಿ ಅಲ್ಲಿ ಅಭಯಾರಣ್ಯವಾಯಿತು. ಬೆಂಕಿಯೂ ನಿಂತಿತು, ಜಾಗ ಬದಲಿಸಿ ಮಾಡುತ್ತಿದ್ದ ಬೇಸಾಯವೂ ನಿಂತಿತು. ಆಮೇಲೆ ಏನಾಯಿತು ಅನ್ನುವುದಕ್ಕೆ ಅಳತೆ ಇದೆ. ಸಂಶೋಧಕರು ಬೆಟ್ಟದಲ್ಲಿ ಗುರುತು ಮಾಡಿಕೊಂಡ ಜಾಗಗಳನ್ನು 1997ರಲ್ಲಿ ನೋಡಿದಾಗ ನೂರಕ್ಕೆ 41 ಕಡೆ ಲಂಟಾನ ಇತ್ತು. 2008ರಲ್ಲಿ ಅದು 81 ಆಗಿತ್ತು. ಇದಕ್ಕೆ ಬೆಂಕಿ ನಿಂತಿದ್ದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಹಕ್ಕಿಗಳು ಬೀಜ ಚೆಲ್ಲುತ್ತವೆ, ಮಳೆಯೂ ಒಂದೇ ಥರ ಇರುವುದಿಲ್ಲ. ಆದರೆ ಅಜ್ಜನ ಮಾತು ಸುಮ್ನೆ ಹಳೆಯ ಕಾಲದ ಹಳಹಳಿಕೆ ಅಲ್ಲ.

ಹಾಗಂತ ನಾಳೆಯೇ ಬೆಂಕಿಪೊಟ್ಟಣ ಹಿಡಿದು ಹೊರಡಬೇಡಿ! ಆಳೆತ್ತರ ಬೆಳೆದ ಲಂಟಾನಕ್ಕೆ ಈಗ ಕಿಡಿ ಬಿದ್ದರೆ ಉರಿ ಮರದ ತುದಿ ಮುಟ್ಟುತ್ತದೆ. ಅದು ತರಗು ಬೆಂಕಿ ಆಗುವುದಿಲ್ಲ. ಮೊದಲು ಪೊದೆ ಕಡಿಯಬೇಕು, ಆಮೇಲೆ ಬೆಂಕಿಯ ಮಾತು. ಮಲೆ ಮಹದೇಶ್ವರ ಬೆಟ್ಟದ ಕಡೆ ಇದೇ ಲಂಟಾನದ ಕಡ್ಡಿಯಿಂದ ಕುರ್ಚಿ, ಬುಟ್ಟಿ ಮಾಡುತ್ತಾರೆ. ನಮ್ಮ ಮನೆಯಲ್ಲೂ ಒಂದು ಕುರ್ಚಿ ಇದೆ. ಕೂತರೆ ಕಿರುಗುಟ್ಟುತ್ತದೆ, ಮುರಿದಿಲ್ಲ.

ಪ್ರಶ್ನೆ: ಕಾಡುಜೇನು ಕೊಂಡರೆ ಜೇನುಹುಳ ನಾಶ ಮಾಡಿದ ಹಾಗಲ್ಲವೇ? (ಗೃಹಿಣಿ, ಮೈಸೂರು)

ಉತ್ತರ: ಯಾರು ಕಿತ್ತ ಜೇನು ಅನ್ನುವುದರ ಮೇಲೆ ಹೋಗುತ್ತದೆ. ಹೆಜ್ಜೇನು ಒಂದೇ ಮರದಲ್ಲಿ ಹತ್ತಾರು ಗೂಡು ಕಟ್ಟುತ್ತದೆ. ಬಲ್ಲವರು ಒಂದಷ್ಟು ಗೂಡು ಮುಟ್ಟದೆ ಬಿಡುತ್ತಾರೆ. ಹಸಿರು ಸೊಪ್ಪಿನ ಹೊಗೆ ತೋರಿಸಿ ಹುಳ ಎಬ್ಬಿಸುತ್ತಾರೆ, ಸುಡುವುದಿಲ್ಲ. ಸೋಲಿಗರು ಕಾಡುಗೆಣಸು ಅಗೆಯುವಾಗಲೂ ಹೀಗೇ. ಬಳ್ಳಿಯ ಬುಡದ ತುಂಡನ್ನು ಮತ್ತೆ ಮಣ್ಣಿಗೆ ಸೇರಿಸಿ ಬರುತ್ತಾರೆ, ಮುಂದಿನ ಮಳೆಗೆ ಚಿಗುರಲಿ ಅಂತ. ಅವಸರಕ್ಕೆ ಮರವನ್ನೇ ಕಡಿಯುವವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಕೊಳ್ಳುವಾಗ ಗಿರಿಜನರ ಸಹಕಾರ ಸಂಘದ ಮಳಿಗೆ ಹುಡುಕಿ.

ಪ್ರಶ್ನೆ: ಹುಲಿ ಇರುವ ಕಾಡಿನಲ್ಲಿ ಜನರಿಗೆ ಹಕ್ಕು ಕೊಟ್ಟರೆ ಹುಲಿ ಗತಿ ಏನು? (ಕಾಲೇಜು ವಿದ್ಯಾರ್ಥಿ, ಹಾಸನ)

ಉತ್ತರ: ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನೇ ನೋಡಿ, ಅವರು ನಿನ್ನೆ ಬಂದವರಲ್ಲಪ್ಪ. ಅವರು ನಂಬುವ ಮಾದಪ್ಪ ಸವಾರಿ ಮಾಡುವುದೇ ಹುಲಿಯ ಮೇಲೆ. ಬೆಟ್ಟದ ದೇವರು ರಂಗಪ್ಪ ಅವರಿಗೆ ಭಾವ. ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದವನು. ಅವರಲ್ಲಿ ಹಲವು ಕುಲಗಳಿವೆ. ಒಂದೊಂದು ಕುಲಕ್ಕೂ ಕಾಡಿನಲ್ಲಿ ಅದರದೇ ಎಲ್ಲೆ, ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು ಅನ್ನುವ ದೈವ, ಕಲ್ಲುಗುಡಿ ಅಂದರೆ ಸಮಾಧಿ ಕಲ್ಲು, ಅಬ್ಬಿ ಅಂದರೆ ನೀರಿನ ಸೆಲೆ. ಹಿರಿಯರೂ ಸಂಶೋಧಕರೂ ಕಾಡು ಸುತ್ತಿ ಇಂಥ 400ಕ್ಕೂ ಹೆಚ್ಚು ಜಾಗಗಳನ್ನು ನಕ್ಷೆಗೆ ಇಳಿಸಿದ್ದಾರೆ. ಸೋಲಿಗರೇ ಆದ ಡಾ. ಸಿ. ಮಾದೇಗೌಡರು ವರ್ಷಗಟ್ಟಲೆ ಇಂಥ ಕೆಲಸದಲ್ಲಿದ್ದಾರೆ.

2006ರ ಅರಣ್ಯ ಹಕ್ಕು ಕಾಯ್ದೆ ಗ್ರಾಮಸಭೆಗೆ ಕಾಡಿನಿಂದ ಸೊಪ್ಪು, ಜೇನು ತರುವ ಹಕ್ಕಷ್ಟೇ ಕೊಟ್ಟಿಲ್ಲ, ಕಾಡು ಕಾಯುವ ಹಕ್ಕನ್ನೂ ಕೊಟ್ಟಿದೆ. ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಗಿದ್ದು 2011ರ ಆರಂಭದಲ್ಲಿ. ಅದೇ ವರ್ಷ ಅಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯದ ಹಕ್ಕು ಸಿಕ್ಕಿತು. ಹುಲಿ ಕಾಡೊಂದರಲ್ಲಿ ಹೀಗಾಗಿದ್ದು ದೇಶದಲ್ಲೇ ಮೊದಲು. ಆದರೆ ಕಾಗದ ಕೈಗೆ ಬಂದರೂ ಬೆಂಕಿ ಯಾವಾಗ ಹಾಕಬೇಕು, ಹಾಕಬೇಕೋ ಬೇಡವೋ ಅನ್ನುವುದನ್ನು ಆ ಅಜ್ಜನ ಹತ್ತಿರ ಕೂತು ಕೇಳುವ ಪದ್ಧತಿ ಇನ್ನೂ ಬಂದಿಲ್ಲ. ನನ್ನ ಸಿಟ್ಟು ಅದರ ಮೇಲೆ.

ಅಂದ ಹಾಗೆ, ಆ ಕಾಡಿನಲ್ಲಿ ಸಿಕ್ಕ ಹೊಸ ಕಣಜವೊಂದಕ್ಕೆ ವಿಜ್ಞಾನಿಗಳು 'ಸೋಲಿಗ' ಎಂದೇ ಹೆಸರಿಟ್ಟಿದ್ದಾರೆ.

ಪ್ರಶ್ನೆ: ಬಿಳಿಗಿರಿರಂಗನ ಬೆಟ್ಟದ ದೊಡ್ಡ ಸಂಪಿಗೆ ಮರ ನೋಡಲು ಏನು ಮಾಡಬೇಕು? (ಓದುಗರು, ಬೆಂಗಳೂರು)

ಉತ್ತರ: ಅದು ಕಾಡಿನೊಳಗೆ, ಭಾರ್ಗವಿ ಹೊಳೆಯ ದಡದಲ್ಲಿದೆ. ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ. ಪೋಡಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಕೂಲಿ ಮೊದಲೇ ಮಾತಾಡಿ. ಚಪ್ಪಲಿ ದೂರ ಬಿಡಿ. ಬುಡದಲ್ಲಿರುವ ಕಲ್ಲುಗಳ ಮೇಲೆ ಕಾಲಿಟ್ಟು ಫೋಟೋ ತೆಗೆಸಿಕೊಳ್ಳಬೇಡಿ, ಅವು ದೇವರು.