ಡೋಸ್ ಬದಲಾಗಿ ಹತ್ತೇ ದಿನ, ಆಗಲೇ ರಕ್ತ ಪರೀಕ್ಷೆ ಯಾಕೆ?

ಪ್ರಶ್ನೆ: ಥೈರಾಯ್ಡ್ ಕಡಿಮೆ ಇದೆ ಅಂತ ದಿನಾ 50 ಮೈಕ್ರೋಗ್ರಾಂ ಮಾತ್ರೆ ತಗೊಳ್ಳುತ್ತಿದ್ದೆ. ಡಾಕ್ಟರು 75ಕ್ಕೆ ಏರಿಸಿ ಹತ್ತು ದಿನವಾಯಿತು. ಸುಸ್ತು ಹಾಗೇ ಇದೆ. ಟಿಎಸ್‌ಎಚ್ (ಥೈರಾಯ್ಡ್ ಕಡಿಮೆಯಾದರೆ ಏರುವ ಹಾರ್ಮೋನ್) ಪರೀಕ್ಷೆ ಮಾಡಿಸಿದರೆ ಇನ್ನೂ ಜಾಸ್ತಿಯೇ ಬಂದಿದೆ. ನಾನೇ 100 ಮಾಡಿಕೊಳ್ಳಲಾ?

ಉತ್ತರ: ಬೇಡ. ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಆದರೂ ಬರುತ್ತಲೇ ಇದೆ, ಹಾಗಾಗಿ ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ.

ನೀವು ತಗೊಳ್ಳುವ ಥೈರಾಯ್ಡ್ ಮಾತ್ರೆ, ಅಂದರೆ ಲೆವೊಥೈರಾಕ್ಸಿನ್, ತಲೆನೋವಿನ ಮಾತ್ರೆಯಂತಲ್ಲ. ಮೈಯಲ್ಲಿ ಇರುವುದರಲ್ಲಿ ಅರ್ಧ ಖಾಲಿಯಾಗಲಿಕ್ಕೇ ಸುಮಾರು ಒಂದು ವಾರ ಬೇಕು. ಏರುವುದೂ ಅದೇ ಲೆಕ್ಕದಲ್ಲಿ. ಮೊದಲ ವಾರದ ಕೊನೆಗೆ ಏರಬೇಕಾದ್ದರಲ್ಲಿ ಅರ್ಧ, ಎರಡನೇ ವಾರಕ್ಕೆ ಮುಕ್ಕಾಲು, ಪೂರ್ತಿ ಒಂದು ಮಟ್ಟಕ್ಕೆ ಬಂದು ನಿಲ್ಲಲು ಐದಾರು ವಾರ. ಅದನ್ನು ಗಮನಿಸಿ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಇಳಿಸಬೇಕು. ಅದು ಇನ್ನೂ ನಿಧಾನ. ನಿಮ್ಮ ಕೈಲಿರುವ ರಿಪೋರ್ಟಿನಲ್ಲಿ ಕಾಣುತ್ತಿರುವುದು ಹೆಚ್ಚಾಗಿ ಹಳೇ 50ರ ಫಲ. ಹೊಸ ಡೋಸ್ ಸಾಕೋ ಸಾಲದೋ ಅಂತ ತಿಳಿಯಲು 6ರಿಂದ 8 ವಾರ ಕಾಯಲೇಬೇಕು.

ಹೀಗೇ ಅವಸರ ಮಾಡಿದ ಒಬ್ಬರು ನನ್ನ ಬಳಿ ಬಂದಿದ್ದರು. ಐದು ವಾರದಲ್ಲಿ ಮೂರು ರಿಪೋರ್ಟು. ಪ್ರತಿ ರಿಪೋರ್ಟ್ ನೋಡಿ ತಾವೇ ಡೋಸ್ ಬದಲಿಸಿದ್ದರು: 75, 100, 125. ಕೈ ಮುಂದೆ ಚಾಚಿ ಅಂದೆ, ಬೆರಳುಗಳ ಮೇಲೆ ಒಂದು ಹಾಳೆ ಇಟ್ಟೆ. ಹಾಳೆಯ ಅಂಚು ಪಟಪಟ ನಡುಗುತ್ತಿತ್ತು. ರಾತ್ರಿ ನಿದ್ದೆ ಇಲ್ಲ, ಎದೆ ಡವಡವ. ಆ ಮೂರು ರಿಪೋರ್ಟುಗಳಲ್ಲಿ ಒಂದೂ ನನ್ನ ಉಪಯೋಗಕ್ಕೆ ಬರಲಿಲ್ಲ, ಮೊದಲಿಂದ ಶುರು ಮಾಡಬೇಕಾಯಿತು.

ವಯಸ್ಸಾದವರಿಗೆ, ಹೃದಯದ ತೊಂದರೆ ಇದ್ದವರಿಗೆ ನಾನು ಒಂದು ಸಲಕ್ಕೆ 12.5ಕ್ಕಿಂತ ಜಾಸ್ತಿ ಏರಿಸುವುದಿಲ್ಲ. ನಿಧಾನ ಅಂತ ಬೈಸಿಕೊಂಡರೂ ಸರಿಯೇ. ಡೋಸ್ ಮಿತಿಮೀರಿದರೆ ಹೃದಯದ ಬಡಿತ ತಾಳ ತಪ್ಪಬಹುದು, ವರ್ಷಗಟ್ಟಲೆ ಹಾಗೇ ಬಿಟ್ಟರೆ ಮೂಳೆ ಸವೆಯುತ್ತದೆ. ಎದೆನೋವು ಬಂದರೆ, ಬಡಿತ ಜೋರಾದರೆ ಮಾತ್ರ ಆರು ವಾರದ ಮಾತು ಮರೆತು ತಕ್ಷಣ ಡಾಕ್ಟರ ಹತ್ತಿರ ಹೋಗಿ.

ಈ ಆರು ವಾರ ಮಾತ್ರೆ ತಗೊಳ್ಳುವ ರೀತಿ ಬದಲಿಸಬೇಡಿ. ಖಾಲಿ ಹೊಟ್ಟೆ, ಬರೀ ನೀರು, ಆಮೇಲೆ ಅರ್ಧದಿಂದ ಒಂದು ಗಂಟೆ ಏನೂ ಬೇಡ, ಕಾಫಿಯೂ ಬೇಡ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಇರಲಿ. ಮಾತ್ರೆಯ ಕಂಪನಿ ಬದಲಾದರೂ ಡಾಕ್ಟರಿಗೆ ತಿಳಿಸಿ. ಟಿಎಸ್‌ಎಚ್ ಸರಿಯಾದ ಮೇಲೂ ಸುಸ್ತು ಹೋಗಲಿಲ್ಲ ಅಂದರೆ ರಕ್ತಹೀನತೆ, ಬಿ12, ನಿದ್ದೆ ಇವನ್ನು ನೋಡಬೇಕು. ಎಲ್ಲಾ ಸುಸ್ತೂ ಥೈರಾಯ್ಡಿನದಲ್ಲ.

ಪ್ರಶ್ನೆ: ಪರೀಕ್ಷೆಯ ದಿನ ಮಾತ್ರೆ ತಗೊಳ್ಳಬೇಕಾ?

ಉತ್ತರ: ರಕ್ತ ಕೊಟ್ಟ ಮೇಲೆ ತಗೊಳ್ಳಿ. ಕೂದಲಿಗೆ ಅಂತ ಬಯೋಟಿನ್ ನುಂಗುತ್ತಿದ್ದರೆ ಕನಿಷ್ಠ ಎರಡು ದಿನ ಮೊದಲೇ ನಿಲ್ಲಿಸಿ, ಅದರಿಂದ ರಿಪೋರ್ಟೇ ತಪ್ಪಾಗಿ ಬರಬಹುದು.

ಪ್ರಶ್ನೆ: ಒಬ್ಬರು ಕೊಟ್ಟ ಪುಡಿ ತಗೊಂಡು ಮಾತ್ರೆ ಬಿಟ್ಟೆ. ಎರಡು ವಾರ ಆಯ್ತು, ಚೆನ್ನಾಗಿದ್ದೇನೆ. ಗುಣವಾಯಿತು ಅಲ್ವಾ?

ಉತ್ತರ: ಇಲ್ಲ. ನೀವು ಚೆನ್ನಾಗಿರುವುದು ಮೈಯಲ್ಲಿ ಉಳಿದಿರುವ ಹಳೇ ಮಾತ್ರೆಯ ಬಲದಿಂದ. ಪುಡಿ ಮಾರುವವನು ದುಡ್ಡು ಮಾಡುವುದು ಈ ಎರಡು ವಾರದಲ್ಲೇ. ಇವತ್ತೇ ಡಾಕ್ಟರನ್ನು ಕಂಡು ಮಾತ್ರೆ ಮತ್ತೆ ಶುರು ಮಾಡಿ.

ಪ್ರಶ್ನೆ: ಗರ್ಭಿಣಿ ಅಂತ ಈಗಷ್ಟೇ ಗೊತ್ತಾಯಿತು. ಥೈರಾಯ್ಡ್ ಡಾಕ್ಟರ ಭೇಟಿ ಮುಂದಿನ ತಿಂಗಳಿದೆ. ಅಲ್ಲಿಯವರೆಗೆ ಕಾಯಬಹುದಾ?

ಉತ್ತರ: ಒಂದು ದಿನವೂ ಕಾಯಬೇಡಿ. ಮೊದಲ ತಿಂಗಳುಗಳಲ್ಲಿ ಮಗುವಿಗೆ ನಿಮ್ಮ ಹಾರ್ಮೋನೇ ಆಧಾರ. ಸಾಮಾನ್ಯವಾಗಿ ಡೋಸನ್ನು ಶೇ 25ರಿಂದ 30ರಷ್ಟು ಏರಿಸಬೇಕಾಗುತ್ತದೆ, ಪರೀಕ್ಷೆಯೂ ನಾಲ್ಕು ವಾರಕ್ಕೊಮ್ಮೆ ಬೇಕು. ಇದನ್ನು ಓದಿದ ಕೂಡಲೇ ಡಾಕ್ಟರಿಗೆ ಫೋನ್ ಮಾಡಿ.