ಸಣ್ಣ ಭೂಕಂಪಕ್ಕೇ ಇಷ್ಟು ಹೆದರಿದ್ದು ಅತಿಯಾಯಿತಾ?

ನಿಮ್ಮ ಪ್ರಶ್ನೆ ಓದಿದೆ. ನಿಮ್ಮ ಕಡೆ ಭೂಕಂಪ ಆದದ್ದು ಯಾರಿಗೂ ನೆನಪಿಲ್ಲ. ಮೊನ್ನೆ ರಾತ್ರಿ ಕೆಲವೇ ಸೆಕೆಂಡು ನೆಲ ನಡುಗಿತು, ಎಲ್ಲರೂ ಬೀದಿಗೆ ಓಡಿ ಬಂದರು. ಬೆಳಿಗ್ಗೆ ಸುದ್ದಿಯಲ್ಲಿ 4ರ ಆಸುಪಾಸು ಅಂತ ಹೇಳಿದರು. ಭೂಕಂಪ ಕಂಡು ಪಳಗಿದ ಊರಿನ ಸ್ನೇಹಿತರು "ಇಷ್ಟಕ್ಕೇನಾ ಓಡಿದ್ದು?" ಅಂತ ನಕ್ಕರು. ನಿಮಗೆ ಮಾತ್ರ ಇನ್ನೂ ಸರಿಯಾಗಿ ನಿದ್ದೆ ಬರುತ್ತಿಲ್ಲ. ಇದು ಅತಿಯಾಯಿತಾ ಅಂತ ಕೇಳಿದ್ದೀರಿ.

ಖಂಡಿತ ಅತಿಯಾಗಿಲ್ಲ. ನಿಮ್ಮ ಭಯಕ್ಕೆ ವಿಜ್ಞಾನದಲ್ಲೇ ಒಂದು ಜಾಗ ಇದೆ. ಭೂಕಂಪವನ್ನು ಎರಡು ಬಗೆಯಲ್ಲಿ ಅಳೆಯುತ್ತಾರೆ. ಸುದ್ದಿಯಲ್ಲಿ ಬರುವ ಅಂಕಿ, ನೆಲದೊಳಗೆ ಎಷ್ಟು ಶಕ್ತಿ ಹೊರಬಿತ್ತು ಅನ್ನುವುದರ ಲೆಕ್ಕ. ಆ ಅಂಕಿ ಒಂದು ಏರಿದರೆ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಇನ್ನೊಂದು ಲೆಕ್ಕ, ಒಂದೊಂದು ಜಾಗದಲ್ಲೂ ನಿಂತವರಿಗೆ ಎಷ್ಟು ಅಲುಗಾಡಿತು ಅನ್ನುವುದು. ಇದಕ್ಕೆ ಮರ್ಕಾಲಿ ಮಾಪಕ ಬಳಸುತ್ತಾರೆ, 1ರಿಂದ 12ರವರೆಗೆ ಮೆಟ್ಟಿಲುಗಳು. 3ನೇ ಮೆಟ್ಟಿಲಲ್ಲಿ ಲಾರಿ ಹೋದ ಹಾಗೆ ಅನಿಸುತ್ತದೆ. 4ರಲ್ಲಿ ಪಾತ್ರೆ, ಕಿಟಕಿ ಸದ್ದು ಮಾಡುತ್ತವೆ. 5ರಲ್ಲಿ ಮಲಗಿದವರು ಎಚ್ಚರ ಆಗುತ್ತಾರೆ. 6ರಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ, ಹಲವರು ಹೆದರುತ್ತಾರೆ. ಯುರೋಪಿನವರು 1998ರಲ್ಲಿ ಸಿದ್ಧ ಮಾಡಿದ ಮಾಪಕದಲ್ಲಂತೂ 5ನೇ ಮೆಟ್ಟಿಲಿನಲ್ಲಿ ಕೆಲವರು, 6ನೇ ಮೆಟ್ಟಿಲಿನಲ್ಲಿ ಹಲವರು ಹೆದರಿ ಮನೆಯಿಂದ ಹೊರಗೆ ಓಡುತ್ತಾರೆ ಅಂತಲೇ ಇದೆ. ನೀವು ಓಡಿ ಬಂದದ್ದೂ ಒಂದು ಅಳತೆಯೇ.

ನಕ್ಕವರು ನೋಡಿದ್ದು ಮೊದಲ ಅಂಕಿಯನ್ನು ಮಾತ್ರ. ನಿಮಗೆ ಆದದ್ದು ಎರಡನೆಯದು. ಇವೆರಡೂ ಜೊತೆಜೊತೆಗೇ ಹೋಗಬೇಕು ಅಂತಿಲ್ಲ. ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗೆನ್ ಪ್ರದೇಶದಲ್ಲಿ 2012ರ ಆಗಸ್ಟಿನಲ್ಲಿ ಆದ ಭೂಕಂಪ ಬರೀ 3.6. ಆದರೆ ಅದು ಹುಟ್ಟಿದ್ದು ಸುಮಾರು 3 ಕಿಲೋಮೀಟರ್ ಆಳದಲ್ಲಿ, ಕಾಲಡಿಯಲ್ಲೇ ಅನ್ನಬಹುದು. ಮನೆಗಳ ಗೋಡೆ ಬಿರುಕು ಬಿಟ್ಟವು. ಅಲ್ಲಿ ನೆಲದಡಿಯಿಂದ ನೈಸರ್ಗಿಕ ಅನಿಲ ತೆಗೆಯುತ್ತಿದ್ದುದೇ ಕಾರಣ. ಜನ ಬಿಡದೆ ದೂರುತ್ತಾ ಬಂದರು. ಕೊನೆಗೆ 2023ರಲ್ಲಿ ಅಲ್ಲಿ ಅನಿಲ ತೆಗೆಯುವುದೇ ನಿಂತಿತು. 3.6 ತಾನೇ ಅಂತ ಅವರು ಸುಮ್ನೆ ಕೂತಿದ್ದರೆ ಇದು ಆಗುತ್ತಿತ್ತಾ?

ಇನ್ನೊಂದು ವಿಷಯ. ಭೂಕಂಪ ಅಪರೂಪವಾಗಿರುವ ಕಡೆ ನೆಲದಡಿಯ ಬಂಡೆ ಹೆಚ್ಚಾಗಿ ಹಳೆಯದು, ತಣ್ಣಗಿನದು, ಗಟ್ಟಿಯಾದದ್ದು. ಬಿರುಕಿಲ್ಲದ ಗಂಟೆ ಬಾರಿಸಿದರೆ ನಾದ ದೂರಕ್ಕೆ ಹೋಗುತ್ತದಲ್ವಾ, ಹಾಗೆ ಅಲೆಗಳು ಈ ಬಂಡೆಯಲ್ಲಿ ಬಹಳ ದೂರ ಸಾಗುತ್ತವೆ. ಪದೇ ಪದೇ ಭೂಕಂಪ ಆಗುವ ಕಡೆ ಒಡೆದು ಚೂರಾದ ನೆಲ ಅಲೆಯನ್ನು ಬೇಗ ನುಂಗಿಬಿಡುತ್ತದೆ. 2011ರ ಆಗಸ್ಟ್ 23ರಂದು ಅಮೆರಿಕದ ವರ್ಜೀನಿಯಾದಲ್ಲಿ 5.8ರ ಭೂಕಂಪ ಆಯಿತು. ಅದು ಕೆನಡಾದವರೆಗೂ ಗೊತ್ತಾಯಿತು. ನೂರು ಕಿಲೋಮೀಟರಿಗೂ ಆಚೆಯ ವಾಷಿಂಗ್ಟನ್ ಸ್ಮಾರಕದ ಕಲ್ಲುಗಳು ಬಿರುಕು ಬಿಟ್ಟವು, 2014ರ ಮೇವರೆಗೆ ಅದನ್ನು ಮುಚ್ಚಿಡಬೇಕಾಯಿತು. ನ್ಯೂಯಾರ್ಕಿನಲ್ಲಿ ಕೆಲವರು ಟ್ವಿಟರಿನಲ್ಲಿ ಸುದ್ದಿ ಓದಿದ ಮೇಲೆ ಅವರ ಕಾಲಡಿ ನೆಲ ನಡುಗಿತು. ಅಲೆಗಿಂತ ಮಾತು ಬೇಗ ಹೋಗಿತ್ತು!

ನನಗೂ ಒಮ್ಮೆ ಇದರ ಅನುಭವ ಆಗಿದೆ. ಮೊದಲು ಬಂದದ್ದು ಸದ್ದು. ದೂರದಲ್ಲಿ ಬಂಡೆ ಸಿಡಿಸಿದ ಹಾಗೆ, ಆದರೆ ಕೆಳಗಿನಿಂದ. ಆಮೇಲೆ ಬೀರುವಿನ ಕನ್ನಡಿ ಗಡಗಡ ಅಂತು, ಮಂಚವನ್ನು ಯಾರೋ ಹಿಡಿದು ಅಲ್ಲಾಡಿಸಿದಂತಾಯಿತು. ಭೂಕಂಪ ಅಂತ ತಲೆಗೆ ಹೊಳೆಯಲೇ ಇಲ್ಲ. ಮೇಲಿನ ಮನೆಯವರು ಏನೋ ಎಳೆಯುತ್ತಿದ್ದಾರೆ ಅಂದುಕೊಂಡೆ. ಬಾಗಿಲು ತೆಗೆದರೆ ಪಕ್ಕದ ಮನೆಯವರೂ ಬಾಗಿಲಲ್ಲಿ ನಿಂತಿದ್ದರು. "ಅಕ್ಕಾ, ನಿಮಗೂ ಗೊತ್ತಾಯ್ತಾ?" "ಹೂಂ ಕಣಮ್ಮ, ಏನದು?" ಅಷ್ಟು ಹೊತ್ತಿಗೆ ನಡುಕ ನಿಂತೇ ಹೋಗಿತ್ತು. ಆ ಸದ್ದು ಭ್ರಮೆ ಅಲ್ಲ. ಭೂಕಂಪದಲ್ಲಿ ಮೊದಲು ಬರುವ ವೇಗದ ಅಲೆ ಗಟ್ಟಿ ಬಂಡೆಯಿಂದ ಗಾಳಿಗೆ ದಾಟುವಾಗ ನಮ್ಮ ಕಿವಿಗೆ ಗುಡುಗಿನ ಹಾಗೆ ಕೇಳಿಸಬಹುದು. ಜೋರಾಗಿ ಅಲುಗಾಡಿಸುವ ಅಲೆ ಅದರ ಹಿಂದೆ ಬರುತ್ತದೆ.

ಹೀಗೆ ಒಬ್ಬರನ್ನೊಬ್ಬರು ಕೇಳಿ ಖಚಿತ ಮಾಡಿಕೊಳ್ಳುವುದು ಎಲ್ಲ ಕಡೆಯ ಜನ ಮಾಡುವ ಕೆಲಸ. ಎಷ್ಟರ ಮಟ್ಟಿಗೆ ಅಂದರೆ, ಯುರೋಪಿನ ಒಂದು ಭೂಕಂಪ ಕೇಂದ್ರ ತನ್ನ ಜಾಲತಾಣಕ್ಕೆ ಜನ ಒಮ್ಮೆಲೇ ನುಗ್ಗುವುದನ್ನೇ ನೋಡಿ, ಎಲ್ಲೋ ನೆಲ ನಡುಗಿದೆ ಅಂತ ಕಂಡುಹಿಡಿಯುತ್ತದೆ. 2024ರ ಏಪ್ರಿಲ್ 5ರಂದು ನ್ಯೂಜೆರ್ಸಿಯಲ್ಲಿ 4.8ರ ಭೂಕಂಪ ಆದಾಗ, ತಮಗೆ ಏನಾಯಿತು ಅಂತ ಅಮೆರಿಕದ ಭೂವಿಜ್ಞಾನ ಸಂಸ್ಥೆಗೆ ಬರೆದು ತಿಳಿಸಿದವರು ಲಕ್ಷಕ್ಕೂ ಜಾಸ್ತಿ. ಅಪರೂಪಕ್ಕೆ ಭೂಕಂಪ ಆಗುವ ಕಡೆ ಅಳೆಯುವ ಯಂತ್ರಗಳು ಕಮ್ಮಿ. ಅಲ್ಲಿ ಜನ ಕೊಡುವ ಇಂಥ ವಿವರಕ್ಕೆ ತುಂಬಾ ಬೆಲೆ ಇದೆ. ನೀವೂ ನಿಮ್ಮ ದೇಶದ ಭೂಕಂಪ ಕೇಂದ್ರದ ತಾಣದಲ್ಲಿ ದಯವಿಟ್ಟು ತುಂಬಿ: ಎಷ್ಟು ಹೊತ್ತಿಗೆ, ಎಷ್ಟನೇ ಮಹಡಿಯಲ್ಲಿ ಇದ್ದಿರಿ, ಏನು ಅಲುಗಿತು, ಏನು ಬಿತ್ತು. ಏನೂ ಬೀಳಲಿಲ್ಲ ಅನ್ನುವುದೂ ಉಪಯೋಗಕ್ಕೆ ಬರುತ್ತದೆ.

ಓಡಿದ್ದರ ಬಗ್ಗೆ ಮಾತ್ರ ಒಂದು ಮಾತು ಹೇಳಲೇಬೇಕು. ಹೆದರುವುದು ಸರಿ, ನಡುಗುತ್ತಿರುವಾಗ ಓಡುವುದು ಹೆಚ್ಚಿನ ಕಡೆ ಸರಿಯಲ್ಲ. ಸಣ್ಣ, ಮಧ್ಯಮ ಭೂಕಂಪಗಳಲ್ಲಿ ಜನರಿಗೆ ಪೆಟ್ಟಾಗುವುದು ಹೆಚ್ಚಾಗಿ ಮೇಲಿನಿಂದ ಬೀಳುವ ವಸ್ತುಗಳಿಂದ, ಮೆಟ್ಟಿಲಲ್ಲಿ ಎಡವುವುದರಿಂದ, ಗಾಬರಿಯಲ್ಲಿ ಮಹಡಿಯಿಂದ ಹಾರುವುದರಿಂದ. ಇಂಗ್ಲೆಂಡಿನಲ್ಲಿ 2008ರ ಫೆಬ್ರವರಿ 27ರ ನಡುರಾತ್ರಿ 5.2ರ ಭೂಕಂಪ ಆಯಿತು. ಚಿಮಣಿಯೊಂದು ಛಾವಣಿ ಒಡೆದು ಒಳಗೆ ಬಿದ್ದು, ಮಲಗಿದ್ದ ಯುವಕನ ಸೊಂಟದ ಮೂಳೆ ಮುರಿಯಿತು. ಕಟ್ಟಡದ ಹೊರಗೋಡೆ ಪಕ್ಕವೇ ಗಾಜು, ಇಟ್ಟಿಗೆ, ಹೂಕುಂಡ ಬೀಳುವ ಜಾಗ, ಓಡುವವರು ಹೋಗಿ ನಿಲ್ಲುವುದೂ ಅಲ್ಲೇ. ಗಟ್ಟಿ ಕಾಂಕ್ರೀಟ್ ಕಟ್ಟಡದಲ್ಲಿದ್ದರೆ ಕೆಳಗೆ ಕೂತು, ಮೇಜಿನಡಿ ಸೇರಿ, ಅದರ ಕಾಲು ಹಿಡಿದುಕೊಳ್ಳಿ. ಮಂಚದಲ್ಲಿದ್ದರೆ ತಲೆಗೆ ದಿಂಬು ಹಿಡಿದು ಅಲ್ಲೇ ಇರಿ. ನಡುಕ ನಿಂತ ಮೇಲೆ ಹೊರಗೆ ಹೋಗಿ, ಲಿಫ್ಟ್ ಬೇಡ. ಕಲ್ಲು ಮಣ್ಣಿನ ಗೋಡೆ, ಭಾರದ ಛಾವಣಿ ಇರುವ ಮನೆಯಾದರೆ, ಬಾಗಿಲು ಒಂದೆರಡು ಹೆಜ್ಜೆಯಲ್ಲೇ ಇದ್ದು ಎದುರಿಗೆ ಬಯಲಿದ್ದರೆ, ತಕ್ಷಣ ಹೊರಗೆ ಹೋಗುವುದೇ ಮೇಲು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರಿನಲ್ಲಿ ಸಾವಿರಾರು ಜನ ಸತ್ತದ್ದು ಇಂಥ ಮನೆಗಳು ಮಲಗಿದ್ದವರ ಮೇಲೆ ಕುಸಿದದ್ದರಿಂದ. ಅದೂ ಭೂಕಂಪ ಅಪರೂಪ ಅಂತ ಜನ ನಂಬಿದ್ದ ನೆಲವೇ. ಆದ್ದರಿಂದಲೇ "ಇಷ್ಟಕ್ಕೇನಾ" ಅನ್ನುವ ನಗು ನನಗೆ ಇಷ್ಟ ಆಗುವುದಿಲ್ಲ.

ಈಗ ನಿದ್ದೆಯ ವಿಷಯ. ಮಂಚ ಅಲುಗಾಡಿದ ಹಾಗೆ ಸುಮ್ಮಸುಮ್ಮನೆ ಅನಿಸುತ್ತಿದೆಯಾ? ಇದು ತುಂಬಾ ಜನಕ್ಕೆ ಆಗುತ್ತದೆ. ಜಪಾನಿನಲ್ಲಿ 2011ರ ದೊಡ್ಡ ಭೂಕಂಪದ ನಂತರ ಬಹಳ ಮಂದಿ ನೆಲ ತೂಗಿದಂತೆ ಆಗುತ್ತಿದೆ ಅಂತ ವೈದ್ಯರ ಹತ್ತಿರ ಹೋದರು. ಸಮತೋಲ ಕಾಯುವ ಒಳಕಿವಿ ಮತ್ತು ಎಚ್ಚರವಾಗಿಯೇ ಕೂತ ಮನಸ್ಸು, ಎರಡೂ ಸೇರಿ ಹೀಗೆ ಮಾಡುತ್ತವೆ. ಅನುಮಾನ ಬಂದಾಗ ಒಂದು ಲೋಟದಲ್ಲಿ ನೀರು ಇಟ್ಟು ನೋಡಿ. ನೀರು ಅಲುಗದಿದ್ದರೆ ನೆಲವೂ ಅಲುಗಿಲ್ಲ. ವಾರಗಳು ಕಳೆದರೂ ಹೋಗದಿದ್ದರೆ ವೈದ್ಯರನ್ನು ಕಾಣಿ, ಅದರಲ್ಲಿ ಸಂಕೋಚ ಬೇಡ.

ಇದಕ್ಕಿಂತ ದೊಡ್ಡದು ಬರುತ್ತದಾ ಅನ್ನುವುದೇ ನಿಮ್ಮ ಮನಸ್ಸಿನಲ್ಲಿರುವ ನಿಜವಾದ ಪ್ರಶ್ನೆ ಅಂತ ನನಗೆ ಅನಿಸುತ್ತದೆ. ಹೆಚ್ಚಿನ ಸಲ ಬರುವುದಿಲ್ಲ. ಒಂದು ಭೂಕಂಪದ ಹಿಂದೆಯೇ ಕೆಲವು ದಿನಗಳಲ್ಲಿ ಅದಕ್ಕಿಂತ ದೊಡ್ಡದು ಬರುವ ಸಾಧ್ಯತೆ ನೂರಕ್ಕೆ 5-6ರಷ್ಟು ಮಾತ್ರ, ದಿನ ಕಳೆದಂತೆ ಅದೂ ಇಳಿಯುತ್ತದೆ. ಸಣ್ಣ ಮರುಕಂಪನಗಳು ಬರಬಹುದು. ಇಂಥ ದಿನ, ಇಷ್ಟು ಗಂಟೆಗೆ ದೊಡ್ಡದು ಬರುತ್ತದೆ ಅಂತ ವಾಟ್ಸಾಪಿನಲ್ಲಿ ಬಂದರೆ ಅಳಿಸಿಬಿಡಿ. ಹಾಗೆ ಹೇಳುವ ವಿದ್ಯೆ ಜಗತ್ತಿನಲ್ಲಿ ಯಾರ ಹತ್ತಿರವೂ ಇಲ್ಲ.

ಇವತ್ತು ಮಲಗುವ ಮೊದಲು ಮಂಚದ ತಲೆಯ ಕಡೆ ಗೋಡೆ ನೋಡಿ. ಭಾರದ ಫೋಟೋ, ಕಪಾಟು, ಗಡಿಯಾರ ಇದ್ದರೆ ಇಳಿಸಿ. ಬೀರು ಮಂಚದ ಮೇಲೆ ಬೀಳುವಂತಿದ್ದರೆ ಗೋಡೆಗೆ ಬಿಗಿಸಿ. ಚಪ್ಪಲಿ, ಟಾರ್ಚು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ, ಒಡೆದ ಗಾಜಿನ ಮೇಲೆ ಬರಿಗಾಲಲ್ಲಿ ನಡೆಯುವುದು ಬೇಡ. ಗೋಡೆಯಲ್ಲಿ ಹೊಸ ಬಿರುಕು ಕಂಡರೆ ಅದರ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಬಿರುಕು ಆ ಗೆರೆ ದಾಟಿ ಬೆಳೆದರೆ ಎಂಜಿನಿಯರ್ ಒಬ್ಬರನ್ನು ಕರೆದು ತೋರಿಸಿ.